ಹಳೇ ಬಾಟಲಿ ಮುಗಿದ ಮೇಲೆ

ಫೆಬ್ರವರಿ ೯, ಭಾನುವಾರ

ಹಾಲಿನ ಡೈರಿಯವರು ಹೊಸ ವರ್ಷಕ್ಕೆ ಹಂಚಿದ ಪುಸ್ತಕ ಇದು. ನನ್ನ ಸೊಸೆ ಚಂದ್ರಕಲಾ ಆ ಡೈರಿಯಲ್ಲೇ ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಹಾಲಿನ ಫ್ಯಾಟು ನೋಡುವ ಕೆಲಸ ಮಾಡುತ್ತಾಳೆ. ಪುಸ್ತಕ ತಂದು ನನ್ನ ಮುಂದಿಟ್ಟು, ಕಣ್ಣಿಗೆ ಔಷಧಿ ಹಾಕಿಕೊಂಡ ದಿನ ಒಂದೊಂದು ಗೀಟು ಎಳೆಯಿರಿ ಅತ್ತೆ, ಮರೆತುಹೋಗುವುದಿಲ್ಲ ಎಂದಳು. ನಾಲ್ಕನೇ ಕ್ಲಾಸು ಓದಿದವಳು ನಾನು. ನನಗೆ ಗೀಟು ಎಳೆಯುವುದು ಮಾತ್ರ ಬರುತ್ತದೆ ಅಂದುಕೊಂಡಿದ್ದಾಳೆ. ನಾನು ಬರೆಯುತ್ತೇನೆ. ಬರೆದು ನನ್ನ ಸೀರೆಗಳ ಕೆಳಗೆ ಇಡುತ್ತೇನೆ. ಎಲ್ಲದಕ್ಕೂ ಮೀಟರ್ ಹಿಡಿಯುವವಳು ಇದಕ್ಕೆ ಹಿಡಿಯುವುದು ಬೇಡ.

ಔಷಧಿ ಯಾಕೆಂದರೆ, ಹೋದ ತಿಂಗಳು ನಮ್ಮ ಕ್ಯಾಲನೂರಿನ ಶಾಲೆಯಲ್ಲಿ ಕಣ್ಣಿನ ಕ್ಯಾಂಪು ಆಯಿತು. ನಾನೂ ಎದುರು ಮನೆ ಮುನಿಯಲ್ಲಮ್ಮನೂ ಹೋದೆವು, ಪೊರೆ ಬಂದಿದ್ದರೆ ತೆಗೆಸಿಕೊಳ್ಳೋಣ ಎಂದು. ಪೊರೆಯಲ್ಲ, ಇಬ್ಬರಿಗೂ ಕಣ್ಣಿನೊಳಗೆ ಪ್ರೆಷರ್ ಎಂದರು. ಕೋಲಾರದ ಆಸ್ಪತ್ರೆಗೆ ಹೋಗಿ ತೋರಿಸಿದ್ದಾಯಿತು. ಅಲ್ಲಿಯ ಡಾಕ್ಟರಮ್ಮ ಚಿಕ್ಕ ಹುಡುಗಿ, ಆದರೆ ಮಾತು ದೊಡ್ಡದು.

"ಅಜ್ಜಿ, ಇದು ನೋಯಲ್ಲ, ಉರಿಯಲ್ಲ. ಪಕ್ಕದಿಂದ ಸುಮ್ನೆ ತಿಂದ್ಕೊಂಡು ಬರುತ್ತೆ, ನಿಮಗೇ ಗೊತ್ತಾಗಲ್ಲ. ಈಗಾಗಲೇ ಸ್ವಲ್ಪ ತಿಂದಿದೆ. ಹೋದ ನೋಟ ವಾಪಸ್ ಬರಲ್ಲ. ಇರೋದು ಉಳೀಬೇಕಂದ್ರೆ ದಿನಾ ಸಂಜೆ ಎರಡು ಕಣ್ಣಿಗೂ ಒಂದೊಂದು ತೊಟ್ಟು, ಬದುಕಿರೋವರೆಗೂ."

ನನಗೇ ಗೊತ್ತಾಗದ ಕಾಯಿಲೆ ಅವಳಿಗೆ ಗೊತ್ತಾಗಿದೆ. ಆಗಲಿ. ಆದರೆ ಬಾಟಲಿ ತೆರೆದು ಒಂದು ತಿಂಗಳಾದರೆ ಉಳಿದದ್ದನ್ನು ಎಸೆದು ಹೊಸದು ತೆರೆಯಬೇಕಂತೆ. ಒಳಗೆ ಅರ್ಧ ಇದ್ದರೂ ಎಸೆಯಬೇಕಂತೆ. ನನ್ನ ಅತ್ತೆ ಬದುಕಿದ್ದರೆ ಈ ಹುಡುಗಿಯನ್ನು ಅಡುಗೆಮನೆಯ ಹೊಸ್ತಿಲು ದಾಟಿಸುತ್ತಿರಲಿಲ್ಲ.

ಮಾರ್ಚ್ ೫

ಅಕ್ಕ ಕದಿರಮ್ಮ ತೀರಿಕೊಂಡು ಇವತ್ತಿಗೆ ಹನ್ನೆರಡು ದಿನ. ನಿನ್ನೆ ರಾಯಲ್ಪಾಡಿನಿಂದ ಬಂದೆ. ನಮ್ಮಮ್ಮ ಹೆತ್ತ ಐದು ಜನದಲ್ಲಿ ಇನ್ನು ನಾನೊಬ್ಬಳು.

ಹನ್ನೊಂದರ ಕಾರ್ಯ ಮುಗಿದ ಮೇಲೆ ಅವಳ ಸೀರೆಗಳನ್ನು ಕೊಟ್ಟುಬಿಟ್ಟರು. ಚಾಪೆ ದಿಂಬು ಊರಾಚೆ ಹಾಕಿದರು. ಗೂಡಿನಲ್ಲಿ ಅವಳ ಮಾತ್ರೆ, ಔಷಧಿ ಉಳಿದಿದ್ದವು. ಅವುಗಳನ್ನು ಮುಟ್ಟುವುದಕ್ಕೆ ಯಾರಿಗೂ ಮನಸ್ಸಿಲ್ಲ. ಔಷಧಿಗೆ ಸೂತಕ ಇಲ್ಲ ಕಣೋ, ನಾನು ತೆಗೆದುಕೊಂಡು ಹೋಗುತ್ತೇನೆ ಎಂದೆ. ಅಕ್ಕನ ಮಗ ವೆಂಕಟ್ ಎಲ್ಲವನ್ನೂ ಕವರಿನಲ್ಲಿ ಹಾಕಿ, "ತೀಸ್ಕೋ ಪಿನ್ನಮ್ಮಾ", ತಗೋ ಚಿಕ್ಕಮ್ಮ, ಎಂದು ಕೈಗೆ ಕೊಟ್ಟ. ನಾನು ಹಾಗೆಯೇ ಮಾಡುತ್ತ ಬಂದವಳು. ಯಾರ ಮನೆಯಲ್ಲಿ ಯಾರು ಹೋದರೂ ಉಳಿದ ಮಾತ್ರೆ ನನ್ನ ಬಿಸ್ಕತ್ತು ಡಬ್ಬಿಗೆ ಬರುತ್ತದೆ. ಬೀದಿಯವರು ಜ್ವರಕ್ಕೆ, ಮಂಡಿನೋವಿಗೆ ಮೊದಲು ನನ್ನ ಬಾಗಿಲಿಗೆ ಬರುತ್ತಾರೆ, ಆಮೇಲೆ ಆಸ್ಪತ್ರೆಗೆ.

ಕವರಿನಲ್ಲಿ ಕಣ್ಣಿನ ಔಷಧಿಯ ಬಾಟಲಿ ಆರು ಇವೆ. ಅಕ್ಕನಿಗೂ ಇದೇ ಕಾಯಿಲೆ ಇತ್ತು. ಬಾಟಲಿಯ ಮೇಲಿನ ಹೆಸರು ನನ್ನದರ ಮೇಲಿನ ಹೆಸರೇ. ಅಕ್ಷರ ಅಕ್ಷರ ಹೊಂದಿಸಿ ನೋಡಿದೆ.

ಮಾರ್ಚ್ ೭

ಚಂದ್ರಕಲಾ ಆ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಡೇಟು ಹೋದ ವರ್ಷವೇ ಮುಗಿದಿದೆ, ಎಸೆದುಬಿಡಿ ಎಂದಳು. ಹಾಲು ಕೆಟ್ಟರೆ ವಾಸನೆ ಬರುತ್ತದೆ, ಇದಕ್ಕೆ ವಾಸನೆ ಬಂದಿದೆಯಾ ಎಂದು ಕೇಳಿದೆ. ಕೆಟ್ಟಿದ್ದೆಲ್ಲ ವಾಸನೆ ಬರುವುದಿಲ್ಲ ಅತ್ತೆ ಎಂದಳು. ಡೈರಿಯಲ್ಲಿ ಕೆಲಸ ಮಾಡಿ ನಾಲಿಗೆ ಹರಿತವಾಗಿದೆ. ಸರಿ ಎಂದು ತಲೆ ಆಡಿಸಿದೆ.

ಎಸೆಯಲಿಲ್ಲ. ಈ ಮನೆಗೆ ಸೊಸೆಯಾಗಿ ಬಂದ ವಾರದಲ್ಲೇ ನನ್ನ ಅತ್ತೆ ಕಲಿಸಿದ್ದು ಇದು. ಹೊಸ ರಾಗಿ ಬಂದರೆ ಅದನ್ನು ಡ್ರಮ್ಮಿನ ತಳಕ್ಕೆ ಸುರಿದು, ಹಳೇ ರಾಗಿ ಮೇಲೆ ಹಾಕಬೇಕು. ಹಳೇದು ಮುಗಿಯದೆ ಹೊಸದಕ್ಕೆ ಕೈ ಹಾಕಬಾರದು. ಐವತ್ತು ವರ್ಷ ಹಾಗೆಯೇ ಮಾಡಿದ್ದೇನೆ. ಒಂದು ಹುಳು ಬಿದ್ದಿಲ್ಲ, ಒಂದು ಹೊಟ್ಟೆ ಕೆಟ್ಟಿಲ್ಲ. ರಾಗಿಗೆ ಸರಿಯಾದದ್ದು ಎರಡು ಬೆರಳುದ್ದದ ಬಾಟಲಿಗೆ ಸರಿಯಾಗುವುದಿಲ್ಲವೇ?

ಮಗ ಮೂರ್ತಿ ಮಾಲೂರಿನ ಫ್ಯಾಕ್ಟರಿಯಿಂದ ಬರುವಾಗ ಹೊಸ ಬಾಟಲಿ ತಂದ. ಸೀಲು ಒಡೆಯದೆ ರಾಗಿ ಡ್ರಮ್ಮಿನೊಳಗೆ ಹುದುಗಿಸಿದೆ. ಅಕ್ಕನ ಬಾಟಲಿ ತೆರೆದು ಹಾಕಿಕೊಂಡೆ. ತಣ್ಣಗಿತ್ತು. ಉರಿಯಲಿಲ್ಲ. ಹೊಸದು ಉರಿಯುತ್ತಿತ್ತು. ಹಳೇದೇ ಮೇಲು.

ಮಾರ್ಚ್ ೨೧

ಮುನಿಯಲ್ಲಮ್ಮನ ಬಾಟಲಿ ಕೈಜಾರಿ ಒಲೆಯ ಬೂದಿಗೆ ಬಿದ್ದು ಮೂತಿ ಕರಗಿಹೋಯಿತಂತೆ. ಅಕ್ಕನದರಲ್ಲಿ ಎರಡು ಕೊಟ್ಟೆ. ಡೇಟು ಮುಗಿದಿದೆಯಲ್ಲೇ ಎಂದು ಅವಳೂ ಕೇಳಿದಳು. ಅವಳಿಗೆ ಅಂಕಿ ಓದುವುದಕ್ಕೆ ಬರುತ್ತದೆ, ಬುದ್ಧಿ ಬರುವುದಿಲ್ಲ.

"ಡೇಟು ಅನ್ನೋದು ಅಂಗಡಿಯೋರ ಆಟ ಕಣೇ. ಇಲ್ದಿದ್ರೆ ನೀನು ಮತ್ತೆ ಅವನ ಅಂಗಡಿಗೆ ಯಾಕೆ ಹೋಗ್ತೀಯಾ? ನಾನೇ ಹಾಕ್ಕೊಂತಿದೀನಿ, ನೋಡು ನನ್ನ ಕಣ್ಣು."

ನೋಡಿದಳು. ನಕ್ಕಳು. ತೆಗೆದುಕೊಂಡು ಹೋದಳು.

ಏಪ್ರಿಲ್ ೧೭

ಊಟಕ್ಕೆ ಕೂತರೆ ಮುದ್ದೆ, ಸಾರು ಅಷ್ಟೇ. ಪಲ್ಯ ಇಲ್ಲವೇ ಎಂದೆ. ಇದೆಯಲ್ಲ ಅತ್ತೆ ಎಂದಳು. ಎಲ್ಲಿದೆ ಎಂದೆ. ಚಂದ್ರಕಲಾ ನನ್ನ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಹುರುಳಿಕಾಯಿ ಪಲ್ಯ ಬಂತು. ತಿರುಗಿಸುವ ನೆಪದಲ್ಲಿ ಬಡಿಸಿದ್ದಾಳೆ. ಮರೆತೆ ಎಂದು ಒಪ್ಪಿಕೊಳ್ಳುವುದಕ್ಕೆ ಇಷ್ಟು ನಾಟಕ.

ಮೇ ೧೧

ಹಸುವಿನ ಹಟ್ಟಿಯ ಬಾಗಿಲು ಯಾವಾಗ ಚಿಕ್ಕದು ಮಾಡಿಸಿದಿರಿ ಎಂದು ಮೂರ್ತಿಯನ್ನು ಕೇಳಿದೆ. ವಾರದಲ್ಲಿ ಮೂರು ಸಲ ಎಡಭುಜ ಬಡಿಯಿತು. ಅವನು ಅಮ್ಮಾ ನೀನು ದಪ್ಪ ಆಗಿದ್ದೀಯ ಎಂದು ನಕ್ಕ. ನಲವತ್ತೈದು ಕೆಜಿ ಇದ್ದೇನೆ.

ಅಕ್ಕನ ಮೊದಲನೇ ಬಾಟಲಿ ಮುಗಿಯಿತು. ಎರಡು ತಿಂಗಳು ಬಂತು. ತಿಂಗಳಿಗೇ ಎಸೆಯಿರಿ ಎಂದವಳಿಗೆ ತೋರಿಸಬೇಕಾಗಿತ್ತು.

ಜೂನ್ ೬

ಮುನಿಯಲ್ಲಮ್ಮನಿಗೆ ಸೊಕ್ಕು ಬಂದಿದೆ. ಜಗಲಿ ಮೇಲೆ ಕೂತಿದ್ದಳಂತೆ. ನಾನು ಮುಂದೆಯೇ ಹಾದುಹೋದೆನಂತೆ, ಮಾತಾಡಿಸಲಿಲ್ಲವಂತೆ. ಸಂಜೆ ಬಂದು ಅದನ್ನೇ ಹಿಡಿದು ಜಗಳಕ್ಕೆ ನಿಂತಳು. ನೀನು ಅಲ್ಲಿ ಇರಲೇ ಇಲ್ಲ ಎಂದೆ. ನಾನು ಇಲ್ಲದಿದ್ದರೆ ನಿನ್ನ ಸೆರಗು ಹಸಿರು ಅಂತ ನನಗೆ ಹೇಗೆ ಗೊತ್ತು ಎಂದಳು. ಸೆರಗು ಹಸಿರೇ ಆಗಿತ್ತು. ಕಿಟಕಿಯಿಂದ ನೋಡಿರುತ್ತಾಳೆ.

ಜುಲೈ ೨

ತೋಟಕ್ಕೆ ಟೊಮೇಟೊ ಬಿಡಿಸುವುದಕ್ಕೆ ಹೋದೆ. ನಾನು ಹಿಡಿದ ಸಾಲಿನಲ್ಲಿ ಹಣ್ಣು ಉಳಿದುಹೋಗಿದೆ ಎಂದು ಕೂಲಿ ಹೆಂಗಸರು ನಕ್ಕರಂತೆ. ಚಂದ್ರಕಲಾ ಅವರ ಮೇಲೆ ರೇಗಿದಳಂತೆ, ನಮ್ಮತ್ತೆ ಬಿಡಿಸಿದ ಸಾಲಿನ ಮಾತು ನಿಮಗ್ಯಾಕೆ ಎಂದು. ಅದನ್ನು ನನಗೆ ಅವಳು ಹೇಳಲಿಲ್ಲ, ಬೇರೆಯವರು ಹೇಳಿದರು. ನಾಳೆಯಿಂದ ಹೋಗುವುದಿಲ್ಲ. ಬಿಸಿಲು ಜಾಸ್ತಿ.

ಜುಲೈ ೩೦

ಹಾಕಿಕೊಂಡೆ.

ಆಗಸ್ಟ್ ೮, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಬಾಗಿಲಿಗೆ ರಂಗೋಲಿ ನಾನೇ ಹಾಕಿದೆ. ಹದಿನೈದು ಚುಕ್ಕಿಯದು. ಮದುವೆಗೆ ಮುಂಚಿನಿಂದ ಕೈಗೆ ಬಂದದ್ದು, ಕಣ್ಣು ಮುಚ್ಚಿಕೊಂಡು ಹಾಕುತ್ತಿದ್ದೆ. ಎದ್ದು ನಿಂತು ನೋಡಿದಾಗ ಚೆನ್ನಾಗಿಯೇ ಇತ್ತು. ಒಳಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಚಂದ್ರಕಲಾ ಕೂತು ಅದರ ಎಡಗಡೆ ಏನೋ ಗೆರೆ ಎಳೆಯುತ್ತಿದ್ದಳು. ನನ್ನ ರಂಗೋಲಿಗೆ ಕೈ ಹಾಕುವುದಕ್ಕೆ ಯಾರು ಹೇಳಿದರು ಎಂದು ಬೈದೆ. ಕೈ ಒರೆಸಿಕೊಂಡು ಎದ್ದಳು. ಹಬ್ಬದ ದಿನ ಅವಳ ಕಣ್ಣಲ್ಲಿ ನೀರು ಬರಿಸಿದೆ. ಬೈಯಬಾರದಾಗಿತ್ತು. ಅವಳೂ ಹೇಳಿ ಮಾಡಬೇಕಾಗಿತ್ತು.

ಆಗಸ್ಟ್ ೨೦

ಈ ಮನೆಯಲ್ಲಿ ಎಲ್ಲರೂ ಸದ್ದಿಲ್ಲದೆ ನಡೆಯುವುದು ಕಲಿತಿದ್ದಾರೆ. ಒಬ್ಬೊಬ್ಬರೂ ಇದ್ದಕ್ಕಿದ್ದಂತೆ ಪಕ್ಕದಲ್ಲಿ ಬಂದು ನಿಂತಿರುತ್ತಾರೆ. ಹಸುವೂ ಹಾಗೆಯೇ.

ಸೆಪ್ಟೆಂಬರ್ ೧೮

ಟೆಂಪೋ ಓಡಿಸುವ ಆಂಜಿ ಇವತ್ತು ನನ್ನನ್ನು ಕೊಲ್ಲುತ್ತಿದ್ದ. ಡೈರಿಯ ಮುಂದೆ ರಸ್ತೆ ದಾಟುತ್ತಿದ್ದೆ. ರಸ್ತೆ ಖಾಲಿ ಇತ್ತು. ನೆಲದಿಂದ ಎದ್ದ ಹಾಗೆ ಟೆಂಪೋ ಬಂತು. ಬ್ರೇಕ್ ಹೊಡೆದ ರಭಸಕ್ಕೆ ಎರಡು ಕ್ರೇಟು ಟೊಮೇಟೊ ರಸ್ತೆಗೆ ಸುರಿದುಹೋಯಿತು. ನಾನು ಕೂತುಬಿಟ್ಟೆ. ಅವನು ಇಳಿದು ಬಂದ.

"ಆ ತಿರುವಿಂದ ಹಾರ್ನ್ ಹೊಡ್ಕೊಂಡೇ ಬರ್ತಿದೀನಿ ಬಚ್ಚಮ್ಮಕ್ಕ. ನೀವು ನನ್ನ ಕಡೆ ತಿರುಗಿ ನೋಡಿದ್ರಿ. ನೋಡಿಬಿಟ್ಟು ಮುಂದೆ ಬಂದ್ರಿ."

ಹಾರ್ನ್ ಕೇಳಿತ್ತು. ಬೇರೆ ಎಲ್ಲೋ ಅಂದುಕೊಂಡೆ. ನಾನು ನೋಡಿದ ಕಡೆ ಟೆಂಪೋ ಇರಲಿಲ್ಲ. ಡೈರಿಯಿಂದ ಚಂದ್ರಕಲಾ ಓಡಿ ಬಂದು ನನ್ನ ಮಂಡಿಯ ರಕ್ತ ತನ್ನ ಸೆರಗಿನಿಂದ ಒರೆಸಿದಳು. ಬಿಳಿ ಸೀರೆ, ಅವರ ಯೂನಿಫಾರಂ. ಕಲೆ ಹೋಗುವುದಿಲ್ಲ ಎಂದೆ. ಅವಳು, ಔಷಧಿ ದಿನಾ ಹಾಕಿಕೊಳ್ಳುತ್ತಿದ್ದೀರಾ ಅತ್ತೆ ಎಂದು ಕೇಳಿದಳು. ದಿನಾ ಎಂದೆ. ಒಂದು ಸಂಜೆ ಬಿಟ್ಟಿಲ್ಲ. ಅದು ಸುಳ್ಳಲ್ಲ.

ಅಕ್ಟೋಬರ್ ೧೨, ಭಾನುವಾರ

ರಾಗಿ ಮಿಲ್ಲಿಗೆ ಹಾಕಿಸಬೇಕೆಂದು ಚಂದ್ರಕಲಾ ಡ್ರಮ್ಮಿಗೆ ಕೈ ಹಾಕಿದಳು. ನಾನು ತೆಗೆದುಕೊಡುತ್ತೇನೆ ಎಂದು ಏಳುವಷ್ಟರಲ್ಲಿ ಬಾಟಲಿ ಸಿಕ್ಕಿತು. ಆಮೇಲೆ ಇನ್ನೊಂದು. ತೋಳಿನವರೆಗೂ ಕೈ ಇಳಿಸಿ ಹುಡುಕಿ, ಮೂರ್ತಿ ತಿಂಗಳಿಗೊಂದರಂತೆ ತಂದ ಏಳನ್ನೂ ತೆಗೆದಳು. ಒಂದೊಂದಾಗಿ ರಾಗಿ ಒರೆಸಿ, ಜಗಲಿ ಮೇಲೆ ಸಾಲಾಗಿ ನಿಲ್ಲಿಸಿದಳು. ಒಂದರ ಸೀಲೂ ಒಡೆದಿಲ್ಲ.

ಅಕ್ಕನದು ಇನ್ನೂ ಸ್ವಲ್ಪ ಇದೆ, ಅದು ಮುಗಿದ ಮೇಲೆ ಇವನ್ನು ತೆಗೆಯುತ್ತಿದ್ದೆ ಎಂದೆ. ನಾನು ಕದ್ದಿಲ್ಲ, ಚೆಲ್ಲಿಲ್ಲ. ಎತ್ತಿಟ್ಟಿದ್ದೆ.

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಬಹುದಾಗಿತ್ತು. ಅವಳು ಮೊದಲನೇ ಬಾಟಲಿ ಎತ್ತಿ, ಅದರ ತಳ ನೋಡಿ, ನನ್ನ ಕಣ್ಣ ಮುಂದೆ ಹಿಡಿದಳು. ಓದಿದೆ. ಆಗಸ್ಟಿಗೆ ಮುಗಿದಿತ್ತು. ನಾನು ಹೊಸದು ಎಂದು ಎತ್ತಿಟ್ಟದ್ದೂ ಡ್ರಮ್ಮಿನೊಳಗೇ ಹಳೇದಾಗಿತ್ತು.

ಮುನಿಯಲ್ಲಮ್ಮನಿಗೆ ಎರಡು ಕೊಟ್ಟದ್ದನ್ನೂ ಹೇಳಿಬಿಟ್ಟೆ. ಯಾಕೆ ಹೇಳಿದೆನೋ. ಆಗ ಮಾತ್ರ ಅವಳು ಜಗಲಿ ಮೇಲೆ ಕುಸಿದು ಕೂತಳು.

ಅಕ್ಟೋಬರ್ ೧೬

ಕೋಲಾರದ ಆಸ್ಪತ್ರೆ. ಕತ್ತಲೆ ಕೋಣೆಯಲ್ಲಿ ಒಂದು ಯಂತ್ರ. ಗಲ್ಲ ಇಟ್ಟು ಒಂದು ಕಣ್ಣು ಮುಚ್ಚಿ ಒಳಗೆ ನೋಡಬೇಕು, ಚಿಕ್ಕ ಬೆಳಕು ಬಂದಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಒತ್ತುವುದಕ್ಕೆ ಸಿದ್ಧವಾಗಿಯೇ ಕೂತಿದ್ದೆ. ಬೆಳಕೇ ಬರಲಿಲ್ಲ. ನಡುವಿನಲ್ಲಿ ಆಗೊಂದು ಈಗೊಂದು. ಯಂತ್ರ ಕೆಟ್ಟಿದೆಯೇನೋ ನೋಡಮ್ಮ ಎಂದೆ ಆ ನರ್ಸಿಗೆ. ಸರಿಯಿದೆ ಅಜ್ಜಿ, ಸುಮ್ಮನೆ ನೋಡ್ತಿರಿ ಎಂದಳು. ಬೆನ್ನು ನೋಯುವಷ್ಟು ಹೊತ್ತು ಕೂರಿಸಿದರು.

ಆಮೇಲೆ ಡಾಕ್ಟರಮ್ಮ ಎದುರಿಗೆ ಕೂತು, ನನ್ನ ಮೂಗನ್ನೇ ನೋಡಿ ಎಂದು ಹೇಳಿ, ಕಿವಿಯ ಪಕ್ಕದಿಂದ ಬೆರಳು ಆಡಿಸಿಕೊಂಡು ಮುಂದೆ ತಂದಳು. ಕಂಡಾಗ ಹೇಳಿದೆ. ಕಿವಿಯ ಪಕ್ಕದಲ್ಲಿ ಆಡಿಸುವ ಬೆರಳು ಯಾರಿಗೆ ತಾನೇ ಕಾಣುತ್ತದೆ?

ಕಾಗದ ಬಂತು. ಎರಡು ಗುಂಡು ಚಿತ್ರ. ಎರಡೂ ಕರಿ, ಕರಿ ಎಂದರೆ ಕಾಣದ ಜಾಗವಂತೆ. ಬಲಗಣ್ಣಿನದರ ನಡುವೆ ಒಂದು ಕಾಸಿನಷ್ಟು ಬಿಳಿ. ಎಡಗಣ್ಣಿನದರಲ್ಲಿ ಅದೂ ಸರಿಯಾಗಿಲ್ಲ. ಡಾಕ್ಟರಮ್ಮ ನನ್ನನ್ನು ಬಿಟ್ಟು ಚಂದ್ರಕಲಾಳಿಗೆ ಹೇಳುತ್ತಿದ್ದಳು. ತಾರೀಖು ಮುಗಿದ ಔಷಧಿ ಎಷ್ಟು ಕೆಲಸ ಮಾಡುತ್ತದೆ ಎಂದು ಯಾರೂ ಹೇಳುವುದಕ್ಕಾಗುವುದಿಲ್ಲ. ಕೆಲವು ಔಷಧಿ ಸ್ವಲ್ಪ ಕೆಲಸ ಮಾಡಬಹುದು, ಕೆಲವು ಏನೂ ಮಾಡದೆ ಇರಬಹುದು. ತಲೆನೋವಿನ ಮಾತ್ರೆ ಕೆಲಸ ಮಾಡದಿದ್ದರೆ ತಲೆನೋವು ಹೇಳುತ್ತದೆ. ಇದು ಕೆಲಸ ಮಾಡದಿದ್ದರೆ ಏನೂ ಹೇಳುವುದಿಲ್ಲ. ತೆರೆದು ತಿಂಗಳುಗಟ್ಟಲೆ ಇಟ್ಟದ್ದಾದರೆ ಸೋಂಕೂ ಆಗಬಹುದಾಗಿತ್ತು. ಇನ್ನು ಹೊಸ ಔಷಧಿ ಹಾಕಿದರೆ ಆ ಬಿಳಿ ಉಳಿಯಬಹುದು. ಉಳಿಯುತ್ತದೆ ಎಂದು ಅವಳು ಹೇಳಲಿಲ್ಲ.

ಬಸ್ಸಿನಲ್ಲಿ ಬರುವಾಗ ಎದುರು ಸೀಟಿನವಳ ಕಿವಿಯ ಓಲೆಯ ಕಲ್ಲು ಎಣಿಸಿದೆ. ಏಳು. ಇಷ್ಟು ಕಾಣುವವಳಿಗೆ ಕುರುಡು ಬಂದಿದೆಯಂತೆ. ಯಂತ್ರ ಕೆಟ್ಟಿದೆ.

ಅಕ್ಟೋಬರ್ ೧೯

ಚಂದ್ರಕಲಾ ಸಂಜೆ ಡೈರಿಯಿಂದ ಒಂದು ಸಲ ಓಡಿ ಬಂದು, ತಾನೇ ನನ್ನ ಕಣ್ಣಿಗೆ ಔಷಧಿ ಹಾಕಿ ಹೋಗುತ್ತಾಳೆ. ಹಾಲು ತಂದವರು ಸಾಲಿನಲ್ಲಿ ಕಾಯುತ್ತಾರಂತೆ. ಅವಳ ಬೆರಳಿಗೆ ಹಾಲಿನ ವಾಸನೆ. ಉರಿಯುತ್ತದೆ. ಉರಿಯಲಿ.

ನವೆಂಬರ್ ೫

ಮುನಿಯಲ್ಲಮ್ಮನ ಹತ್ತಿರ ಹೋಗಿ ಬಾಟಲಿ ವಾಪಸ್ ಕೊಡು ಎಂದೆ. ಅವಳು ಅದನ್ನು ಒಂದು ದಿನ ಎಡಗಣ್ಣಿಗೆ, ಒಂದು ದಿನ ಬಲಗಣ್ಣಿಗೆ ಹಾಕಿಕೊಂಡು ಇಲ್ಲಿಯವರೆಗೆ ಎಳೆದಿದ್ದಾಳೆ. ಎರಡನೆಯದರಲ್ಲಿ ಇನ್ನೂ ಸ್ವಲ್ಪ ಇದೆಯಂತೆ. ನಾನು ಆಸ್ಪತ್ರೆಯ ಮಾತೆಲ್ಲ ಹೇಳಿದೆ. ಅವಳು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಡೇಟು ಅಂಗಡಿಯೋರ ಆಟ ಅಂತ ನೀನೇ ತಾನೇ ಹೇಳಿದ್ದು? ಈಗ ಸೊಸೆ ಬಾಯಲ್ಲಿ ಮಾತಾಡ್ತೀಯಾ?"

"ತಪ್ಪು ಹೇಳಿದ್ದೆ ಕಣೇ."

"ನಿನ್ನ ಕಣ್ಣು ಹೋಗಿರೋದು ನಿನ್ನ ಹಣೇಬರಹ. ನಂದು ಚೆನ್ನಾಗೇ ಕಾಣ್ತದೆ."

ನನ್ನ ಕಣ್ಣೂ ಚೆನ್ನಾಗಿಯೇ ಕಾಣುತ್ತದೆ ಎಂದು ಹೇಳಬೇಕೆನಿಸಿತು. ಹೇಳಿದರೆ ಬಾಟಲಿ ಕೇಳುವುದಕ್ಕೆ ಬಾಯಿ ಇರುವುದಿಲ್ಲ. ಎದ್ದು ಬಂದೆ. ಮೂವತ್ತು ವರ್ಷ ನಾನು ಕೊಟ್ಟ ಮಾತ್ರೆಯನ್ನೆಲ್ಲ ಮಾತಾಡದೆ ನುಂಗಿದವಳು, ಬೇಡ ಎಂದರೆ ಮಾತ್ರ ಕೇಳುವುದಿಲ್ಲ.

ನವೆಂಬರ್ ೨೨

ಮಾತ್ರೆಯ ಡಬ್ಬಿ ಸುರಿದು ನೋಡಿದೆವು. ತಾರೀಖು ಓದಿದ್ದು ಚಂದ್ರಕಲಾ. ಅರ್ಧಕ್ಕೆ ತಾರೀಖೇ ಇಲ್ಲ, ಅಂಗಡಿಯವರು ಕತ್ತರಿಸಿ ಕೊಟ್ಟ ತುಂಡುಗಳು. ಯಾರ ಯಾರ ಮನೆಗೆ ಏನೇನು ಕೊಟ್ಟಿದ್ದೀರಿ ಎಂದು ಕೇಳಿದಳು. ನೆನಪಿಲ್ಲ ಎಂದೆ. ನೆನಪಿದೆ. ನಮ್ಮ ಬೀದಿಯ ಸೊಣ್ಣಪ್ಪನಿಗೆ ಬಿಪಿ ಮಾತ್ರೆ ಕೊಟ್ಟದ್ದು, ಅವನು ಆ ವರ್ಷವೇ ಬಾಯಿ ಸೊಟ್ಟಗಾಗಿ ಬಿದ್ದದ್ದು. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ, ಹೇಳುವವರು ಯಾರೂ ಇಲ್ಲ.

ಡಿಸೆಂಬರ್ ೭, ಭಾನುವಾರ

ಮೊದಲ ಅವರೆಕಾಯಿ ಬಂದಿದೆ. ನೆನೆಸಿದ ಅವರೆಕಾಳು ಹಿದುಕುವುದಕ್ಕೆ ಬಟ್ಟಲು ಹಿಡಿದು ಮುನಿಯಲ್ಲಮ್ಮನ ಜಗಲಿಗೆ ಹೋದೆವು, ನಾನು ಮತ್ತು ಚಂದ್ರಕಲಾ. ಮಾತು ಬಿಟ್ಟು ತಿಂಗಳಾಗಿತ್ತು. ಹೋಗೋಣ ಎಂದದ್ದು ಚಂದ್ರಕಲಾ. ರಸ್ತೆ ದಾಟುವಾಗ ಅವಳ ಕೈ ಹಿಡಿದುಕೊಂಡಿದ್ದೆ. ಈಗ ಹಾಗೆಯೇ ಅಭ್ಯಾಸವಾಗಿದೆ.

ನಾನು ಮುನಿಯಲ್ಲಮ್ಮನ ಎದುರಿಗೆ ಕೂತೆ. ಚಂದ್ರಕಲಾ ಅವಳ ಪಕ್ಕಕ್ಕೆ, ಸ್ವಲ್ಪ ಹಿಂದೆ. ಮುನಿಯಲ್ಲಮ್ಮ ನನ್ನ ಮುಖ ನೋಡಿಕೊಂಡು, ತನ್ನ ಮಗಳ ಮನೆಯ ಗೃಹಪ್ರವೇಶದ ಕಥೆ ಶುರು ಮಾಡಿದಳು. ಯಾರು ಬಂದರು, ಯಾರು ಬರಲಿಲ್ಲ. ಅವಳ ಮುಖದ ಮೇಲೇ ನನ್ನ ಕಣ್ಣಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳ ಕೆನ್ನೆಯ ಪಕ್ಕದಲ್ಲಿ ಎರಡು ಬೆರಳು ಕಂಡವು. ಡಾಕ್ಟರಮ್ಮ ಮಾಡಿದ ಹಾಗೆ ಚಂದ್ರಕಲಾ ಆಡಿಸುತ್ತಿದ್ದಳು. ಮುನಿಯಲ್ಲಮ್ಮ ಹೋಳಿಗೆ ಸೀದುಹೋದದ್ದನ್ನು ಹೇಳುತ್ತಿದ್ದಳು. ಬೆರಳು ಕೆನ್ನೆ ದಾಟಿ ಮುಂದೆ ಬಂತು. ಅವಳು ನಗುತ್ತಿದ್ದಳು. ಬೆರಳು ಕಣ್ಣಿನ ಕೊನೆಗೆ ಬಂತು, ಅಲ್ಲಿಂದ ಮೂಗಿನ ಹತ್ತಿರಕ್ಕೆ ಬಂತು. ಆಗ ಬೆಚ್ಚಿದಳು.

"ಏನಮ್ಮಾ ಇದು, ಮುಖದ ಮೇಲೆ ಕೈ? ಯಾವಾಗ ಬಂದೆ ಈ ಕಡೆ?"

ನೊಣ ಕೂತಿತ್ತು ಮುನಿಯಲ್ಲಮ್ಮತ್ತೆ ಎಂದಳು ಚಂದ್ರಕಲಾ. ಆ ಕಡೆಗೂ ಸರಿದು ಕೂತು ಅದನ್ನೇ ಮಾಡಿದಳು. ಅಲ್ಲೂ ಹಾಗೆಯೇ. ನನ್ನ ಕೈಯಲ್ಲಿ ಹಿದುಕಿದ ಬೇಳೆ ಬಟ್ಟಲಿನ ಹೊರಗೆ ಬೀಳುತ್ತಿತ್ತಂತೆ, ನಾನು ನೋಡಲಿಲ್ಲ.

ಮುನೀ, ನಾಳೆ ನಮ್ಮ ಜೊತೆ ಕೋಲಾರಕ್ಕೆ ಬಾ, ನಿನಗೆ ಪಕ್ಕದಲ್ಲಿ ಏನೂ ಕಾಣುತ್ತಿಲ್ಲ ಎಂದೆ. ಅವಳು ನನ್ನನ್ನು ನೇರ ನೋಡಿ, ನಿನ್ನ ಮೂಗುತಿಯ ತಿರುಪು ಸಡಿಲವಾಗಿದೆ, ಇಷ್ಟು ಕಾಣುವವಳಿಗೆ ಯಾವ ಆಸ್ಪತ್ರೆ ಎಂದಳು. ಮುಟ್ಟಿ ನೋಡಿಕೊಂಡೆ. ಸಡಿಲವಾಗಿತ್ತು.

ಬಸ್ಸಿನಲ್ಲಿ ಓಲೆಯ ಕಲ್ಲು ಎಣಿಸಿದ್ದು ನಾನು.

ಮನೆಗೆ ಬಂದು ನಮ್ಮ ಜಗಲಿಯ ಮೇಲೆ ಕೂತೆ. ನನಗೂ ಮಾಡೇ ಚಂದ್ರಾ ಎಂದೆ. ಬೇಡ ಅತ್ತೆ, ಆಸ್ಪತ್ರೆಯಲ್ಲಿ ಮಾಡಿದ್ದಾರಲ್ಲ ಎಂದಳು. ಮಾಡು ಎಂದೆ. ನೇರ ನೋಡಿ ಎಂದು ಹೇಳಿ ಅವಳು ಪಕ್ಕಕ್ಕೆ ಹೋದಳು. ನಾನು ಕುತ್ತಿಗೆ ಆಡಿಸದೆ ಕೂತೆ. ಎದುರು ಮನೆಯ ಬಾಗಿಲು, ಅದರ ಚಿಲಕ, ಚಿಲಕಕ್ಕೆ ಕಟ್ಟಿದ ಕೆಂಪು ದಾರ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಕಾದೆ. ಬೀದಿಯಲ್ಲಿ ಯಾವುದೋ ಗಾಡಿ ಹೋದ ಸದ್ದಾಯಿತು. ಇನ್ನೂ ಕಾದೆ.

"ಯಾವಾಗ ಶುರು ಮಾಡ್ತೀಯೇ?" ಎಂದೆ.

"ಮಾಡಿ ಆಯ್ತು ಅತ್ತೆ," ಎಂದಳು. "ಎರಡು ಕಡೆಯಿಂದಾನೂ."